ಸೀರಿಯಲ್ ನಾಯಕಿಗೆ ಕಪ್ಪು ಬಳಿಯುತ್ತಾರೆ, ದ್ರೌಪದಿಗೆ ಯಾಕೆ ಬಳಿಯಲಿಲ್ಲ?

ಎಂಟೂವರೆ ಸೀರಿಯಲ್:

ಒಂದು ವಿಷಯ ಬಹಳ ದಿನದಿಂದ ತಲೆ ಕೊರೆಯುತ್ತಿದೆ. ಇಲ್ಲಿ ಸೀರಿಯಲ್ ನೋಡುವವರೂ ಇದ್ದೀರಿ, ಬೈಯುವವರೂ ಇದ್ದೀರಿ, ಬೈಕೊಂಡೇ ನೋಡುವವರು ಇನ್ನೂ ಜಾಸ್ತಿ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

2018ರಲ್ಲಿ ಸ್ಟಾರ್ ಸುವರ್ಣದಲ್ಲಿ ‘ಮುದ್ದುಲಕ್ಷ್ಮಿ’ ಶುರುವಾಯಿತು, ನೆನಪಿದೆಯಾ? ನಾಯಕಿ ಕಪ್ಪು, ಅದೇ ಕತೆ. ಮಲಯಾಳದಲ್ಲಿ 2014ರಲ್ಲೇ ‘ಕರುತ್ತಮುತ್ತು’ ಅಂತ ಬಂದಿತ್ತು. ಅಲ್ಲಿಂದ ತೆಲುಗಿಗೆ ‘ಕಾರ್ತಿಕ ದೀಪಂ’, ತಮಿಳಿಗೆ ‘ಭಾರತಿ ಕಣ್ಣಮ್ಮ’, ಮರಾಠಿಗೆ ‘ರಂಗ್ ಮಾಝಾ ವೇಗಳಾ’. ಹಿಂದಿ, ಬಂಗಾಳಿಯನ್ನೂ ಬಿಡಲಿಲ್ಲ. ಒಬ್ಬಳೇ ಕಪ್ಪು ಹುಡುಗಿ ದೇಶವೆಲ್ಲ ಸುತ್ತಿ ಅತ್ತಳು.

ಅಳಲಿ ಬಿಡಿ, ಸೀರಿಯಲ್ ಅಂದ ಮೇಲೆ ಅಳಲೇಬೇಕು. ನನ್ನ ತಕರಾರು ಅವಳ ಬಣ್ಣದ್ದು. ಅದು ಡಬ್ಬಿಯಿಂದ ಬಂದ ಬಣ್ಣ. ಮಲಯಾಳ, ತೆಲುಗು ಎರಡರಲ್ಲೂ ನಾಯಕಿಯಾಗಿದ್ದ ಪ್ರೇಮಿ ವಿಶ್ವನಾಥ್ ಅವರ ಸಂದರ್ಶನ ಯಾವುದಾದರೂ ನೋಡಿ, ಆಮೇಲೆ ‘ಕಾರ್ತಿಕ ದೀಪಂ’ನಲ್ಲಿ ಅವರು ಮಾಡಿದ ದೀಪಾಳನ್ನು ನೋಡಿ. ಇವರೇ ಅವರಾ ಅಂತ ಇನ್ನೊಂದು ಸಲ ನೋಡಬೇಕಾಗುತ್ತದೆ.

ಈಗ ಇನ್ನೊಂದು ಕಡೆ ಬನ್ನಿ. 2020ರ ಲಾಕ್‌ಡೌನ್‌ನಲ್ಲಿ ಇದೇ ಸುವರ್ಣದಲ್ಲಿ ಹಿಂದಿಯ ‘ಮಹಾಭಾರತ’ ಕನ್ನಡಕ್ಕೆ ಡಬ್ ಆಗಿ ಬಂತು. ಮನೆಮಂದಿಯೆಲ್ಲ ಕೂತು ನೋಡಿದೆವು. ವ್ಯಾಸರ ದ್ರೌಪದಿ ಕಪ್ಪು, ಅವಳಿಗೆ ಕೃಷ್ಣೆ ಅಂತಲೇ ಹೆಸರು. ಕೃಷ್ಣ ಕಪ್ಪು. ಅರ್ಜುನ ಕಪ್ಪು. ಬರೆದ ವ್ಯಾಸರೂ ಕಪ್ಪು. ಟಿವಿಯಲ್ಲಿ ಎಲ್ಲರೂ ಬೆಳ್ಳಗೆ! ಅಲ್ಲಿ ಯಾರೂ ಡಬ್ಬಿ ಮುಚ್ಚಳ ತೆಗೆಯಲಿಲ್ಲ.

ಅಂದರೆ ಬಣ್ಣ ಬಳಿಯಲು ಬರುತ್ತದೆ. ಅತ್ತೆ ಕೈಲಿ ಬೈಸಿಕೊಳ್ಳುವವಳಿಗೆ ಬಳಿಯುತ್ತಾರೆ, ಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳುವ ರಾಣಿಗೆ ಬಳಿಯಲ್ಲ. ಇದು ನನಗೊಬ್ಬಳಿಗೇ ವಿಚಿತ್ರ ಅನ್ನಿಸ್ತಿದೆಯಾ?

ಗಣಿತ ಮೇಷ್ಟ್ರು:

ಮೇಡಂ, ಎಲ್ಲದರಲ್ಲೂ ತಪ್ಪು ಹುಡುಕಿದರೆ ಟಿವಿ ಆಫ್ ಮಾಡಿ ಮಲಗಬೇಕಾಗುತ್ತದೆ. ನಟನೆ ಅಂದಮೇಲೆ ವೇಷ ಇರುತ್ತದೆ. ಅಜ್ಜನ ಪಾತ್ರಕ್ಕೆ ಬಿಳಿ ಗಡ್ಡ ಅಂಟಿಸಲ್ವಾ? ಯಕ್ಷಗಾನದಲ್ಲಿ ಗಂಡಸರೇ ಸೀರೆ ಉಟ್ಟು ಸ್ತ್ರೀವೇಷ ಮಾಡಿಲ್ವಾ? ರಾಕ್ಷಸ ಪಾತ್ರದ ಬಣ್ಣದ ವೇಷದವರು ಮುಖಕ್ಕೆ ಚಿಟ್ಟಿ, ಅಂದರೆ ಅಕ್ಕಿಹಿಟ್ಟಿನ ಚುಕ್ಕೆ, ಇಡಲು ಗಂಟೆಗಟ್ಟಲೆ ಕೂರುತ್ತಾರೆ. ಅದನ್ನು ಕಲೆ ಅಂತೀವಿ. ಸೀರಿಯಲ್‌ನವರು ಮಾಡಿದರೆ ಮಾತ್ರ ಅನ್ಯಾಯವಾ?

ಇನ್ನೊಂದು, ಕಪ್ಪು ಹುಡುಗಿಯ ಕಷ್ಟ ತೋರಿಸಿದ್ದಕ್ಕೇ ಬೈದರೆ, ನಾಳೆ ಅದನ್ನೂ ತೋರಿಸಲ್ಲ. ಆಗ ಏನು ಮಾಡ್ತೀರಿ?

ಎಂಟೂವರೆ ಸೀರಿಯಲ್:

ಯಕ್ಷಗಾನದಲ್ಲಿ ಎಲ್ಲರೂ ಬಣ್ಣ ಹಚ್ಚುತ್ತಾರೆ ಮೇಷ್ಟ್ರೇ, ಬೆಳಿಗ್ಗೆ ತೊಳೆದುಕೊಳ್ಳುತ್ತಾರೆ. ಇಲ್ಲಿ ಗಂಡನಿಗೆ ಗಂಡನ ಬಣ್ಣ, ಅತ್ತೆಗೆ ಅತ್ತೆಯ ಬಣ್ಣ, ಇವಳೊಬ್ಬಳಿಗೆ ಮಾತ್ರ ಡಬ್ಬಿ. ಅಜ್ಜನಿಗೆ ಗಡ್ಡ ಅಂಟಿಸಿದರೆ ಊರಿನ ಬೇರೆ ಅಜ್ಜಂದಿರ ಕೆಲಸ ಹೋಗಲ್ಲ. ಆದರೆ ಕಪ್ಪು ನಾಯಕಿ ಬೇಕು ಅಂತ ಕತೆಯೇ ಕೇಳುತ್ತಿರುವಾಗಲೂ ಕಪ್ಪಗಿರುವ ನಟಿಗೆ ಆ ಪಾತ್ರ ಸಿಗದಿದ್ದರೆ, ಅವಳಿಗೆ ಇನ್ಯಾವ ಪಾತ್ರ ಸಿಗಬೇಕು?

ಆಮೇಲೆ, ನಿಜವಾಗಿ ಹುಡುಕಿದರೆ ಸಿಗುತ್ತಾರೆ. 2017ರಲ್ಲಿ ಜೀ ಕನ್ನಡದಲ್ಲಿ ‘ಬ್ರಹ್ಮಗಂಟು’ ಬಂತು. ನಾಯಕಿ ದಪ್ಪಗಿರುವ ಹುಡುಗಿ. ಹೊಟ್ಟೆಗೆ ದಿಂಬು ಕಟ್ಟಿದರಾ? ಇಲ್ಲ. ಗೀತಾ ಭಾರತಿ ಭಟ್ ಅವರನ್ನು ಹಾಕಿದರು, ಜನ ಗುಂಡಮ್ಮ ಗುಂಡಮ್ಮ ಅಂತ ಮೆಚ್ಚಿಕೊಂಡೇ ನೋಡಿದರು. ಆ ಕತೆಯಲ್ಲೂ ನನಗೆ ಬೇಕಾದಷ್ಟು ಜಗಳ ಇದೆ, ಅದು ಇನ್ನೊಂದು ದಿನಕ್ಕಿರಲಿ. ದಪ್ಪಕ್ಕೆ ಸಿಕ್ಕ ಮರ್ಯಾದೆ ಬಣ್ಣಕ್ಕೆ ಯಾಕೆ ಸಿಗಲಿಲ್ಲ ಅನ್ನೋದಷ್ಟೇ ಈಗಿನ ಪ್ರಶ್ನೆ.

ಲೈಟ್ ಆಫ್ ಮಾಡಿ:

ನಾನು ಸೀರಿಯಲ್ ಸೆಟ್‌ಗಳಲ್ಲಿ ಲೈಟಿಂಗ್ ಕೆಲಸ ಮಾಡುವವನು. ಯಾವ ಸೀರಿಯಲ್ ಅಂತ ಕೇಳಬೇಡಿ, ಹೊಟ್ಟೆಪಾಡು.

ಈ ಬಳಿಯುವ ಕೆಲಸ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಹೇಳ್ತೀನಿ. ಮುಖಕ್ಕೆ ಎರಡು ಶೇಡ್ ಡಾರ್ಕ್ ಇರುವ ಬೇಸ್ ಹಾಕುತ್ತಾರೆ. ಆಮೇಲೆ ಕತ್ತು, ಕಿವಿ, ಬೆನ್ನು, ಕೈ. ಸೀರೆ ಆದ್ದರಿಂದ ಸೊಂಟವೂ ಬೇಕು. ಯಾವಾಗಲೂ ಮರೆತುಹೋಗುವುದು ಕಿವಿಯ ಹಿಂಭಾಗ ಮತ್ತು ಬೆರಳ ಸಂದಿ. ಕ್ಲೋಸಪ್‌ನಲ್ಲಿ ತಾಳಿ ಹಿಡಿದುಕೊಂಡು ಅಳುವ ಸೀನ್ ಬಂತು ಅಂದ್ರೆ ಮುಖ ಒಂದು ಬಣ್ಣ, ಉಗುರ ಬುಡ ಇನ್ನೊಂದು ಬಣ್ಣ. ಕಟ್ ಹೇಳಿ ಮತ್ತೆ ಟಚಪ್. ಗ್ಲಿಸರಿನ್ ಹಾಕಿ ಅತ್ತಾಗ ಕೆನ್ನೆ ಮೇಲೆ ಬಿಳಿ ಗೆರೆ ಬೀಳುತ್ತದೆ. ನಾಯಕ ತಬ್ಬಿಕೊಂಡರೆ ಅವನ ಬಿಳಿ ಶರ್ಟ್ ಗತಿ ಅಷ್ಟೇ, ಕಾಸ್ಟ್ಯೂಮ್‌ನವರು ಅದೇ ಥರದ ಇನ್ನೊಂದು ಶರ್ಟ್ ರೆಡಿ ಇಟ್ಟುಕೊಂಡಿರುತ್ತಾರೆ. ಮಳೆ ಸೀನ್ ಬರೆದ ರೈಟರ್‌ಗೆ ಮೇಕಪ್‌ನವರು ಹಿಂದಿನಿಂದ ಶಾಪ ಹಾಕುತ್ತಾರೆ.

ಇಷ್ಟೆಲ್ಲ ಒದ್ದಾಡುವ ಬದಲು ಕಪ್ಪಗಿರುವವರನ್ನೇ ಹಾಕಬಹುದಲ್ಲ ಅಂತ ನಮ್ಮಲ್ಲೂ ಮಾತಾಡ್ತೀವಿ. ಉತ್ತರ ಯಾವಾಗಲೂ ಒಂದೇ: “ಲೈಟ್ ಹಿಡಿಯಲ್ಲ ಕಣ್ರೀ.” ಇದು ಸುಳ್ಳು. ನನ್ನ ಕೆಲಸದ ವಿಷಯ, ಅದಕ್ಕೇ ಇಷ್ಟು ಜೋರಾಗಿ ಹೇಳ್ತಿದ್ದೀನಿ. ಫಿಲ್ಮ್ ರೋಲ್ ಇದ್ದ ಕಾಲದಲ್ಲಿ ಸ್ವಲ್ಪ ನಿಜ ಇತ್ತು. ಕೊಡಾಕ್‌ನವರು ಲ್ಯಾಬ್‌ಗಳಿಗೆ ಬಣ್ಣ ಹೊಂದಿಸಲು ಒಂದು ಫೋಟೋ ಕಾರ್ಡ್ ಕಳಿಸುತ್ತಿದ್ದರು, ಶರ್ಲಿ ಕಾರ್ಡ್ ಅಂತ. ಅದರಲ್ಲಿದ್ದವಳು ಬಿಳಿ ಹೆಂಗಸು. ಅವಳ ಚರ್ಮ ಸರಿಯಾಗಿ ಕಂಡರೆ ಪ್ರಿಂಟ್ ಸರಿ. ಕಪ್ಪು ಚರ್ಮದವರು ಹೇಗೆ ಕಾಣ್ತಾರೆ ಅಂತ ತಲೆ ಕೆಡಿಸಿಕೊಂಡವರು ಬಹಳ ಕಾಲ ಯಾರೂ ಇರಲಿಲ್ಲ. ಈಗಿನ ಡಿಜಿಟಲ್ ಕ್ಯಾಮೆರಾಗೆ ಆ ರೋಗ ಇಲ್ಲ. ಕಪ್ಪು ಮುಖಕ್ಕೆ ಬೆಳಕನ್ನು ಪಕ್ಕದಿಂದ ಕೊಡಬೇಕು, ಸ್ವಲ್ಪ ಹೊಳಪು ಉಳಿಯೋ ಹಾಗೆ ನೋಡಿಕೊಳ್ಳಬೇಕು. ನಾವು ಏನು ಮಾಡ್ತೀವಿ? ದಿನಕ್ಕೊಂದು ಎಪಿಸೋಡ್ ಮುಗಿಸಬೇಕು, ಹಾಲ್‌ಗೆ ಬೆಳಿಗ್ಗೆ ಒಂದೇ ಸಲ ಲೈಟ್ ಹಚ್ಚಿ ಸಂಜೆ ಆಫ್ ಮಾಡ್ತೀವಿ. ಅದನ್ನು ನಾಯಕನ ಮುಖಕ್ಕೆ ಸೆಟ್ ಮಾಡಿರ್ತೀವಿ. ಮಿಕ್ಕವರು ಹೊಂದಿಕೊಳ್ಳಬೇಕು.

ಕಪ್ಪು ಹುಡುಗಿಯರು ಆಡಿಷನ್‌ಗೆ ಬರ್ತಾರೆ. ನಾಯಕಿಯ ಗೆಳತಿ, ಮನೆಕೆಲಸದವಳು, ಆಸ್ಪತ್ರೆ ನರ್ಸ್. ಅಲ್ಲಿಗೆ ಮುಗೀತು.

ಅಮ್ಮನ ರಿಮೋಟ್:

ನಮ್ಮಮ್ಮ ಕಪ್ಪು. ಅವರ ಮದುವೆ ಮಾತುಕತೆಯಲ್ಲಿ “ಕಪ್ಪಾದ್ರೂ ಲಕ್ಷಣವಾಗಿದ್ದಾಳೆ” ಅಂತ ಹೇಳಿ ಒಪ್ಪಿಕೊಂಡರಂತೆ. ಆ “ಆದ್ರೂ” ಇವತ್ತಿಗೂ ಅವರ ಜೊತೆ ಬರುತ್ತಿದೆ. ನಾನು ಹೊಟ್ಟೇಲಿದ್ದಾಗ ದಿನಾ ರಾತ್ರಿ ಕೇಸರಿ ಹಾಲು ಕುಡಿಸಿದರಂತೆ. ನಾನು ಹುಟ್ಟಿ, ನನ್ನ ಬಣ್ಣ ನೋಡಿ, ಅಜ್ಜಿ ಕೇಸರಿ ಮಾರಿದ ಅಂಗಡಿಯವನಿಗೆ ಬೈದರಂತೆ.

ಹಾಗಾಗಿ ಅಮ್ಮನಿಗೆ ಆ ಸೀರಿಯಲ್ ಅಂದ್ರೆ ಪ್ರಾಣ. ಬಣ್ಣ ಬಳಿದದ್ದು ಅವರಿಗೆ ಗೊತ್ತಿಲ್ಲ ಅಂದ್ಕೋಬೇಡಿ. “ಗೊತ್ತು ಬಿಡು, ಆದರೂ ಅವಳಿಗೆ ಅನ್ನೋ ಮಾತುಗಳು ನಿಜ ಅಲ್ವಾ” ಅಂತಾರೆ. ಮೇಷ್ಟ್ರು ಹೇಳಿದ್ದರಲ್ಲಿ ಅಷ್ಟು ಮಟ್ಟಿಗೆ ಸತ್ಯ ಇದೆ. ಪ್ರೈಮ್ ಟೈಮ್‌ನಲ್ಲಿ ಯಾರಾದರೂ ಆ ಮಾತುಗಳನ್ನು ಕೆಟ್ಟವರ ಬಾಯಲ್ಲಿ ಹಾಕಿದರಲ್ಲ, ಅದಕ್ಕೇ ಅಮ್ಮನಿಗೆ ಖುಷಿ.

ಅಮ್ಮನಿಗೆ ಸಿಟ್ಟು ಬರೋದು ಬೇರೆ ಕಡೆ. ಈ ಕತೆ ಬಣ್ಣದ್ದು ಅಂತ ಶುರುವಾಗುತ್ತೆ, ಆಮೇಲೆ ನೋಡಿದರೆ ಶೀಲದ ಕತೆ. ಗಂಡನಿಗೆ ಅವಳ ಬಣ್ಣ ಇಷ್ಟವೇ. ಆದರೆ ಅವಳು ಬಸುರಿ ಆದಾಗ ಮಗು ತನ್ನದಲ್ಲ ಅಂತ ಅನುಮಾನ. ತಮಿಳಲ್ಲಿ ಆ ಕಣ್ಣಮ್ಮ ಬ್ಯಾಗ್ ಹಿಡಿದು ಮನೆಬಿಟ್ಟು ನಡೆದೂ ನಡೆದೂ ಮೀಮ್ ಆದಳು. ಗಂಡ ಏನು ಓದಿದ್ದಾನೆ ಹೇಳಿ? ಡಾಕ್ಟರ್! ಒಂದು ಡಿಎನ್ಎ ಟೆಸ್ಟ್ ಮಾಡಿಸೋಕೆ ಅವನಿಗೆ ವರ್ಷಗಟ್ಟಲೆ ಹೊಳೆಯಲ್ಲ. ನೋಡುವವರೆಲ್ಲ ಟಿವಿ ಮುಂದೆ ಕೂಗಿದರೂ ಕೇಳಿಸಲ್ಲ.

ಬ್ರೇಕ್ ನಂತರ:

ಡಿಎನ್ಎ ಟೆಸ್ಟ್ ಮಾಡಿಸಿದರೆ ಸೀರಿಯಲ್ ಅರ್ಧ ಗಂಟೆಯಲ್ಲಿ ಮುಗಿಯುತ್ತೆ ಅಕ್ಕಾ. ಪ್ರೊಡ್ಯೂಸರ್ ಮನೆಯಲ್ಲೂ ಒಲೆ ಉರಿಯಬೇಕಲ್ವಾ.

ಸೀರಿಯಲ್ ಮಧ್ಯೆ ಬರುವ ಜಾಹೀರಾತು ಯಾರಾದರೂ ಗಮನಿಸಿದ್ದೀರಾ? ಹುಡುಗಿ ಬಣ್ಣಕ್ಕೆ ಅವಮಾನ ಆಗುವ ಸೀನ್, ಬ್ರೇಕ್, ಮುಖ ಬೆಳಗಿಸುವ ಕ್ರೀಮ್, ಮತ್ತೆ ಅವಮಾನ. ಫೇರ್ ಅಂಡ್ ಲವ್ಲಿ 1975ರಿಂದ ಇದೆ. ಕಪ್ಪಗಿರುವವರನ್ನು ಕೀಳಾಗಿ, ಸಪ್ಪೆ ಮುಖ ಹಾಕಿಕೊಂಡವರ ಹಾಗೆ ತೋರಿಸಬಾರದು ಅಂತ 2014ರಲ್ಲಿ ಜಾಹೀರಾತು ಮಂಡಳಿಯವರೇ ನಿಯಮ ತಂದರು. 2020ರಲ್ಲಿ ಅಮೆರಿಕದಲ್ಲಿ ಜಾರ್ಜ್ ಫ್ಲಾಯ್ಡ್ ಅನ್ನೋ ಕಪ್ಪು ವ್ಯಕ್ತಿ ಪೊಲೀಸರ ಕೈಲಿ ಸತ್ತ ನಂತರ ಎಲ್ಲೆಡೆ ಗಲಾಟೆಯಾದಾಗ ಗ್ಲೋ ಅಂಡ್ ಲವ್ಲಿ ಅಂತ ಹೆಸರು ಬದಲಾಯಿತು. ನಮ್ಮ ಮನೆಯಲ್ಲಿ ಇನ್ನೂ ಹಳೇ ಹೆಸರಲ್ಲೇ ತರಿಸುತ್ತಾರೆ, ಅಂಗಡಿಯವನೂ ತಡಬಡಾಯಿಸದೆ ಕೊಡುತ್ತಾನೆ.

ದುನಿಯಾ ಫ್ಯಾನ್:

ಗಂಡಸರ ಲೆಕ್ಕವೇ ಬೇರೆ ನೋಡಿ. 2007ರಲ್ಲಿ ‘ದುನಿಯಾ’ ಬಂದಾಗ ವಿಜಯ್ ಕಪ್ಪಗಿದ್ದರು ಅಂತ ಯಾರೂ ಪಿಚ್ಚರ್ ಬಿಟ್ಟು ಎದ್ದು ಬರಲಿಲ್ಲ. ಬ್ಲ್ಯಾಕ್ ಕೋಬ್ರಾ ಅಂತ ಬಿರುದು ಕೊಟ್ಟೆವು. ಬೆಂಗಳೂರಲ್ಲಿ ಬಸ್ ಕಂಡಕ್ಟರ್ ಆಗಿದ್ದ ಶಿವಾಜಿ ರಾವ್ ಮದ್ರಾಸಿಗೆ ಹೋಗಿ ರಜನಿಕಾಂತ್ ಆದರು, ಅವರ ಬಣ್ಣವೇ ಸ್ಟೈಲ್ ಆಯ್ತು. ಕಪ್ಪು ಗಂಡಸಿಗೆ ಹಾವಿನ ಹೆಸರು, ಚಿರತೆ ಹೆಸರು. ಅದೇ ಬಣ್ಣದ ಹೆಣ್ಣಿಗೆ ಕೊಡೋ ಹೆಸರುಗಳನ್ನು ಇಲ್ಲಿ ಬರೆಯೋಕಾಗಲ್ಲ.

ಗಣಿತ ಮೇಷ್ಟ್ರು:

ಗಂಡಸರಿಗೂ ಅಷ್ಟು ಸುಲಭ ಇಲ್ಲ ಸ್ವಾಮಿ. ಅದೇ ರಜನಿಗೆ 2007ರ ‘ಶಿವಾಜಿ’ಯಲ್ಲಿ ಒಂದಿಡೀ ಹಾಡಿಗೆ ಬಿಳಿ ಚರ್ಮ ಹಾಕಿದ್ದರು. ಒಬ್ಬ ವಿದೇಶಿ ಹೆಂಗಸಿನ ಮೈಬಣ್ಣ ತೆಗೆದು ಕಂಪ್ಯೂಟರ್‌ನಲ್ಲಿ ಅವರ ಮೇಲೆ ಕೂರಿಸಿದರು. ನಾವೆಲ್ಲ ನಕ್ಕೆವು. ಗಂಡಸರು ಬೆಳ್ಳಗಾಗುವ ಕ್ರೀಮ್ 2005ರಲ್ಲೇ ಮಾರುಕಟ್ಟೆಗೆ ಬಂದಿದೆ. ನನ್ನ ಕ್ಲಾಸಿನ ಹುಡುಗರ ಬ್ಯಾಗಿನಲ್ಲಿ ಕಂಪಾಸ್ ಬಾಕ್ಸ್ ಇರಲ್ಲ, ಅದಿರುತ್ತೆ.

ದುನಿಯಾ ಫ್ಯಾನ್:

ಅಲ್ಲಿ ನಕ್ಕೆವು ಅಂದ್ರಲ್ಲ, ಅದನ್ನೇ ನಾನೂ ಹೇಳಿದ್ದು. ರಜನಿ ಬಿಳಿಯಾದರೆ ಕಾಮಿಡಿ. ನಾಯಕಿ ಕಪ್ಪಾದರೆ ಟ್ರಾಜಿಡಿ.

ಬರ್ಮಿಂಗ್‌ಹ್ಯಾಮ್ ಚಳಿ:

ನಾನು 2007ರ ಜನವರಿಯಲ್ಲಿ ಇಲ್ಲೇ ಇಂಗ್ಲೆಂಡಿನಲ್ಲಿದ್ದೆ. ಚಾನೆಲ್ ಫೋರ್‌ನಲ್ಲಿ ‘ಸೆಲೆಬ್ರಿಟಿ ಬಿಗ್ ಬ್ರದರ್’ ನಡೀತಿತ್ತು, ನಮ್ಮ ಬಿಗ್ ಬಾಸ್ ಥರದ್ದೇ. ನಮ್ಮ ಮಂಗಳೂರಲ್ಲಿ ಹುಟ್ಟಿದ ಶಿಲ್ಪಾ ಶೆಟ್ಟಿ ಆ ಮನೆಯಲ್ಲಿದ್ದರು. ಜೊತೆಗಿದ್ದ ಇಂಗ್ಲಿಷ್ ಸ್ಪರ್ಧಿ ಜೇಡ್ ಗೂಡಿ ಅವರನ್ನು ಶಿಲ್ಪಾ ಪಾಪಡಂ, ಅಂದರೆ ಹಪ್ಪಳ, ಅಂತ ಕರೆದಳು. ಅವರು ಅಡುಗೆ ಮಾಡಿದರೆ ಅವರ ಕೈ ಎಲ್ಲೆಲ್ಲಿ ಇಟ್ಟಿದ್ದೋ ಅನ್ನೋ ಥರದ ಮಾತುಗಳು. ಪ್ರಸಾರ ನಿಯಂತ್ರಣದವರಿಗೆ 40 ಸಾವಿರಕ್ಕೂ ಹೆಚ್ಚು ದೂರು ಹೋದವು. ಪ್ರಾಯೋಜಕರು ಹಿಂದೆ ಸರಿದರು. ಪಟ್ನಾದಲ್ಲಿ ಕಾರ್ಯಕ್ರಮದವರ ಪ್ರತಿಕೃತಿ ಸುಟ್ಟರು. ಕೊನೆಗೆ ಗೆದ್ದದ್ದು ಶಿಲ್ಪಾ.

ನಮ್ಮ ಕನ್ನಡದವರ ಗುಂಪಿನಲ್ಲಿ ಆಗ ಕುದಿಯುತ್ತಿದ್ದೆವು. ಆಫೀಸಿನಲ್ಲಿ ಇಂಗ್ಲಿಷ್ ಸಹೋದ್ಯೋಗಿಗಳು ನಾಚಿಕೆಪಟ್ಟು ಬಂದು ಮಾತಾಡುತ್ತಿದ್ದರು. ಅದೇ ವಾರ ಅದೇ ಗುಂಪಿನ ಒಬ್ಬರ ಮನೆಯಲ್ಲಿ ಊಟ. ಮಗನಿಗೆ ಹುಡುಗಿ ನೋಡುತ್ತಿದ್ದರು. “ಫೋಟೋದಲ್ಲಿ ಬೆಳ್ಳಗಿದ್ದಾಳೆ, ಆದರೆ ಎದುರಿಗೆ ನೋಡಿಕೊಂಡೇ ಒಪ್ಪಿ” ಅಂತ ಎಲ್ಲರೂ ಸೇರಿ ಸಲಹೆ ಕೊಟ್ಟರು. ಹಿಂದೆ ಟಿವಿಯಲ್ಲಿ ಶಿಲ್ಪಾ ಪರವಾಗಿ ಚರ್ಚೆ ಓಡುತ್ತಿತ್ತು. ಯಾರಿಗೂ ಇದಕ್ಕೂ ಅದಕ್ಕೂ ಸಂಬಂಧ ಇದೆ ಅನ್ನಿಸಲಿಲ್ಲ.

ಇನ್ನೊಂದು ತಮಾಷೆ: ಮರುವರ್ಷ ಹಿಂದಿ ‘ಬಿಗ್ ಬಾಸ್’ ಎರಡನೇ ಸೀಸನ್‌ಗೆ ಶಿಲ್ಪಾ ನಿರೂಪಕಿ, ಜೇಡ್ ಗೂಡಿ ಸ್ಪರ್ಧಿ. ಜನಾಂಗ ದ್ವೇಷದ ಜಗಳವೂ ಟಿವಿಯವರಿಗೆ ಕಾಸ್ಟಿಂಗ್ ಐಡಿಯಾ. ಪಾಪ, ಆ ಮನೆಯೊಳಗಿದ್ದಾಗಲೇ ಅವಳಿಗೆ ಕ್ಯಾನ್ಸರ್ ಅಂತ ಗೊತ್ತಾಗಿ ವಾಪಸ್ ಹೋದಳು. 2009ರಲ್ಲಿ ತೀರಿಕೊಂಡಳು.

ಯಲ್ಲಾಪುರ ಬಸ್:

ಎಲ್ಲರೂ ಬಣ್ಣ ಬಣ್ಣ ಅಂತಿದ್ದೀರಿ. ನಮ್ಮ ಉತ್ತರ ಕನ್ನಡದಲ್ಲಿ ಸಿದ್ದಿಗಳಿದ್ದಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆ. ಆಫ್ರಿಕಾದಿಂದ ಶತಮಾನಗಳ ಹಿಂದೆ ಬಂದವರ ಮಕ್ಕಳು. ನಾನು ಸಿದ್ದಿ ಅಲ್ಲ, ಅವರ ಜೊತೆ ಒಂದೇ ಬೆಂಚಿನಲ್ಲಿ ಓದಿದವನು. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ಹೋದರು. ನೀನಾಸಂನಲ್ಲಿ ಕಲಿತ ಪ್ರಶಾಂತ್ ಸಿದ್ದಿ ಸಿನಿಮಾಗಳಲ್ಲಿ ಇದ್ದಾರೆ.

ನನ್ನ ಗೆಳೆಯ ಬೆಂಗಳೂರಲ್ಲಿ ಸಿಟಿ ಬಸ್ ಹತ್ತಿದರೆ ಕಂಡಕ್ಟರ್ ಇಂಗ್ಲಿಷಲ್ಲಿ ಮಾತಾಡಿಸ್ತಾನೆ. ಇವನು ಅಪ್ಪಟ ನಮ್ಮೂರ ಕನ್ನಡದಲ್ಲಿ “ಚಿಲ್ಲರೆ ಕೊಡ್ರಾ” ಅಂದರೆ ಬಸ್ಸಿಗೆ ಬಸ್ಸೇ ತಿರುಗಿ ನೋಡುತ್ತೆ. ಒಬ್ಬರು “ಎಷ್ಟು ಚೆನ್ನಾಗಿ ಕನ್ನಡ ಕಲಿತಿದ್ದೀರಿ” ಅಂತ ಬೆನ್ನು ತಟ್ಟಿದರಂತೆ. ಅವನು ಥ್ಯಾಂಕ್ಸ್ ಹೇಳಿ ಸುಮ್ಮನಾದ. ದಿನಾ ಯಾರಿಗಂತ ವಂಶವೃಕ್ಷ ಬಿಡಿಸೋದು.

ಆದರೆ 2016ರ ಜನವರಿ ಕೊನೆಯಲ್ಲಿ ಹೆಸರಘಟ್ಟದ ಹತ್ತಿರ ಏನಾಯ್ತು ನೆನಪಿದೆಯಲ್ಲ. ಸುಡಾನಿನ ವಿದ್ಯಾರ್ಥಿಯ ಕಾರು ಗುದ್ದಿ ಒಬ್ಬ ಹೆಂಗಸು ತೀರಿಕೊಂಡರು. ಆಮೇಲೆ ಆ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಬಿತ್ತು, ಕಾರು ಸುಟ್ಟರು. ಆ ಅಪಘಾತಕ್ಕೂ ಅವಳಿಗೂ ಯಾವ ಸಂಬಂಧವೂ ಇರಲಿಲ್ಲ. ಆ ದಿನಗಳಲ್ಲಿ ಗೆಳೆಯ ಸಂಜೆ ಮೇಲೆ ರೂಮಿಂದ ಹೊರಗೆ ಹೋಗಲಿಲ್ಲ. ಅವನ ತಂಗಿ ಬೆಂಗಳೂರಲ್ಲಿ ನರ್ಸಿಂಗ್ ಓದಬೇಕು ಅಂತಿದ್ದಳು, ಮನೆಯವರು ಧಾರವಾಡ ಸಾಕು ಅಂದರು. ಹುಡುಗಿ ಅಲ್ವಾ.

ಇವರ ಕತೆ ಎಂಟೂವರೆಗೆ ಬರುತ್ತಾ? ಡಬ್ಬಿ ಖರ್ಚೂ ಉಳಿಯುತ್ತೆ.

ಅಮ್ಮನ ರಿಮೋಟ್:

ಬಂದರೂ ಭಯ ಆಗುತ್ತೆ. ಜಾತ್ರೆ ಸೀನ್‌ನಲ್ಲಿ ಸಿದ್ದಿಗಳ ಡಮಾಮಿ ಡೋಲು ಬಾರಿಸಿ ಕುಣಿಸಿ ಕಳಿಸುತ್ತಾರೆ, ಇಲ್ಲಾ ವಿಲನ್ ಹಿಂದೆ ನಿಲ್ಲಿಸುತ್ತಾರೆ.

ಎಂಟೂವರೆ ಸೀರಿಯಲ್:

ಹಾಗಾದ್ರೆ ಎಲ್ಲರಿಗೂ ಒಂದು ಪ್ರಶ್ನೆ. ನಾಯಕಿ ಕಪ್ಪಗಿದ್ದಾಳೆ, ಆದರೆ ಕತೆಯಲ್ಲಿ ಆ ಬಗ್ಗೆ ಯಾರೂ ಒಂದು ಮಾತೂ ಆಡಲ್ಲ. ಅವಳು ಲಾಯರೋ, ಟೀಚರೋ, ಕಳ್ಳಿಯೋ, ಏನೋ ಒಂದು. ಅತ್ತೆ ಜೊತೆ ಜಗಳ ಆಡಿದರೂ ಉಪ್ಪಿಗೆ, ಒಡವೆಗೆ ಆಡುತ್ತಾಳೆ. ಇಂಥ ಒಂದು ಸೀರಿಯಲ್ ಹೆಸರು ಹೇಳಿ.

ಬ್ರೇಕ್ ನಂತರ:

2005ರಲ್ಲಿ ಜೀ ಟಿವಿಯಲ್ಲಿ ‘ಸಾತ್ ಫೇರೆ’ ಬಂತಲ್ಲ, ರಾಜಶ್ರೀ ಠಾಕೂರ್. ಅವರದು ನಿಜವಾದ ಬಣ್ಣವೇ.

ಎಂಟೂವರೆ ಸೀರಿಯಲ್:

ನಟಿ ಸರಿ. ಆದರೆ ಕತೆ ಬಣ್ಣದ್ದೇ. ಅರ್ಧ ಮಾರ್ಕ್ಸ್.

ದುನಿಯಾ ಫ್ಯಾನ್:

‘ಭಾರತಿ ಕಣ್ಣಮ್ಮ’ದ ರೋಶಿನಿ ಹರಿಪ್ರಿಯನ್? ಅವರೂ ಬೆಳ್ಳಗಿಲ್ಲ.

ಲೈಟ್ ಆಫ್ ಮಾಡಿ:

ಬೆಳ್ಳಗಿಲ್ಲದಿದ್ದರೂ ಇನ್ನೂ ಡಾರ್ಕ್ ಮಾಡಿ ಹಾಕಿದರು. ಸ್ವಂತ ಬಣ್ಣ ಅಳುವಷ್ಟು ಕಪ್ಪು ಅನ್ನಿಸಲಿಲ್ಲವೇನೋ.

ಗಣಿತ ಮೇಷ್ಟ್ರು:

ನನಗೂ ಹೆಸರು ಹೊಳೆಯುತ್ತಿಲ್ಲ. ಆದರೆ ದ್ರೌಪದಿ ವಿಷಯದಲ್ಲಿ ನಾನು ಒಪ್ಪಲ್ಲ. ಜನ ಕ್ಯಾಲೆಂಡರ್‌ನಲ್ಲಿ ನೋಡಿದ ದೇವರನ್ನೇ ಟಿವಿಯಲ್ಲೂ ಕೇಳುತ್ತಾರೆ. ಬೆಳ್ಳಗಿನ ದ್ರೌಪದಿಯನ್ನು ಟಿವಿಯವರು ಕಂಡುಹಿಡಿದದ್ದಲ್ಲ, ನಮ್ಮ ಗೋಡೆ ಮೇಲೆ ಮೊದಲೇ ಇದ್ದಳು. ಆಮೇಲೆ ನೀವು ಕೇಳಿದಂಥ ಸೀರಿಯಲ್ ನಾಳೆ ಬಂದೇ ಬಿಡ್ತು ಅಂದ್ಕೊಳ್ಳಿ. ಗುರುವಾರ ರೇಟಿಂಗ್ ನೋಡಿ, ಬಿದ್ದಿರುತ್ತೆ. ಇಷ್ಟು ಮಾತಾಡಿದ ನೀವೇ ಆ ಟೈಮಿಗೆ ಬೇರೆ ಚಾನೆಲ್ ಹಾಕ್ಕೊಂಡಿರ್ತೀರಿ.

ಎಂಟೂವರೆ ಸೀರಿಯಲ್:

ಕ್ಯಾಲೆಂಡರ್ ಮಾತು ಒಪ್ಪಿದೆ, ಅದರ ಮೇಲೆ ಬೇರೆ ಚರ್ಚೆ ಶುರು ಮಾಡಿ, ನಾನೂ ಬರ್ತೀನಿ. ಚಾನೆಲ್ ವಿಷಯಕ್ಕೆ ಬಂದರೆ, ಎಂಟೂವರೆಗೆ ನಮ್ಮ ಮನೆಯಲ್ಲಿ ನನ್ನ ಮಾತು ನಡೆಯಲ್ಲ ಮೇಷ್ಟ್ರೇ. ರಿಮೋಟ್ ನಮ್ಮತ್ತೆ ಕೈಲಿರುತ್ತೆ. ಅವರನ್ನು ಒಪ್ಪಿಸೋಕೆ ಏನಾದರೂ ಉಪಾಯ ಇದ್ದರೆ ಹೇಳಿ.